ಪಟ್ಟಿಯಲ್ಲಿಲ್ಲದ ಆಸ್ಪತ್ರೆ: ವಿಮೆ ಇದ್ದೂ ಕೈಯಿಂದ ಕಟ್ಟುವ ಬಿಲ್ಲು

ಆರೋಗ್ಯ ವಿಮೆಯ ಕಾರ್ಡು ಜೇಬಿನಲ್ಲಿದ್ದರೆ ಆಸ್ಪತ್ರೆಯ ಖರ್ಚಿನ ಚಿಂತೆ ಮುಗಿಯಿತು ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಪಾಲಿಸಿ ಮಾರುವಾಗ ಏಜೆಂಟ್ ಹೇಳುವುದೂ ಅದನ್ನೇ. "ಕಾರ್ಡ್ ತೋರಿಸಿದ್ರೆ ಸಾಕು, ಒಂದು ರೂಪಾಯಿ ಕಟ್ಟೋದು ಬೇಡ." ಆದರೆ ಪುಣೆಯಂತಹ ನಗರದಲ್ಲಿ ರಾತ್ರಿ ಹನ್ನೊಂದು ಗಂಟೆಗೆ ಎದೆನೋವೆಂದು ತಂದೆಯನ್ನು ಹತ್ತಿರದ ಆಸ್ಪತ್ರೆಗೆ ಕರೆದೊಯ್ದಿದ್ದೀರಿ ಎಂದು ಭಾವಿಸಿ. ಕೌಂಟರ್‌ನಲ್ಲಿರುವವರು ಕಾರ್ಡನ್ನು ತಿರುಗಿಸಿ ನೋಡಿ, "ಈ ಕಂಪನಿ ನಮ್ಮಲ್ಲಿ ನಡೆಯಲ್ಲ, ಡಿಪಾಸಿಟ್ ಕಟ್ಟಿ" ಎನ್ನುತ್ತಾರೆ. ಆಗ ನಿಮ್ಮ ಐದು ಲಕ್ಷದ ವಿಮೆಗೆ ಆ ಕ್ಷಣದ ಮಟ್ಟಿಗೆ ಕಾಗದದ ಬೆಲೆಯೂ ಇಲ್ಲ. ಸಂಬಂಧಿಕರಿಗೆ ಫೋನು, ಗೆಳೆಯರಿಗೆ ಫೋನು, ಒಡವೆಯ ಕಡೆ ಕಣ್ಣು.

ಇದು ಕಂಪನಿ ಮಾಡಿದ ಮೋಸ ಎಂದು ತಕ್ಷಣ ಅನ್ನಿಸುತ್ತದೆ. ಎಲ್ಲ ಸಲವೂ ಹಾಗಲ್ಲ. ಪಾಲಿಸಿಯಲ್ಲಿ ಎರಡು ಬೇರೆ ಬೇರೆ ಮಾತುಗಳಿವೆ. ಚಿಕಿತ್ಸೆಯ ಖರ್ಚು ಕೊಡುತ್ತೇವೆ ಎಂಬುದು ಒಂದು. ನೇರವಾಗಿ ಆಸ್ಪತ್ರೆಗೇ ಕೊಡುತ್ತೇವೆ ಎಂಬುದು ಇನ್ನೊಂದು. ಈ ಎರಡನೆಯದನ್ನೇ ಕ್ಯಾಶ್‌ಲೆಸ್ ಎನ್ನುವುದು. ವಿಮಾ ಕಂಪನಿ ಕೆಲವು ಆಸ್ಪತ್ರೆಗಳ ಜೊತೆ ಮೊದಲೇ ಒಪ್ಪಂದ ಮಾಡಿಕೊಂಡು, ಯಾವ ಆಪರೇಷನ್‌ಗೆ ಎಷ್ಟು ಎಂದು ದರ ನಿಗದಿ ಮಾಡಿರುತ್ತದೆ. ಆ ಪಟ್ಟಿಯಲ್ಲಿರುವವು ನೆಟ್‌ವರ್ಕ್ ಆಸ್ಪತ್ರೆಗಳು. ಪಟ್ಟಿಯ ಹೊರಗಿನ ಆಸ್ಪತ್ರೆಗೆ ಹೋದರೂ ವಿಮೆ ಇರುತ್ತದೆ, ಆದರೆ ಪೂರ್ತಿ ಬಿಲ್ಲನ್ನು ಮೊದಲು ನೀವೇ ಕಟ್ಟಬೇಕು. ಆಮೇಲೆ ಕಾಗದಪತ್ರಗಳನ್ನೆಲ್ಲ ಒಟ್ಟು ಮಾಡಿ ಕಳಿಸಿದರೆ ಕಂಪನಿ ತನಗೆ ಸರಿಕಂಡಷ್ಟನ್ನು ನಿಮ್ಮ ಖಾತೆಗೆ ಹಾಕುತ್ತದೆ. ತೊಂದರೆ ಇರುವುದು ಆ "ಸರಿಕಂಡಷ್ಟು" ಎಂಬಲ್ಲಿ.

ಅಮೆರಿಕದಲ್ಲಿ ಈ ಸಮಸ್ಯೆಗೆ ಬೇರೊಂದು ಮುಖವಿದೆ. ಅಲ್ಲಿ ಆಸ್ಪತ್ರೆ ಪಟ್ಟಿಯಲ್ಲಿದ್ದರೂ ಒಳಗಿನ ಅರಿವಳಿಕೆ ವೈದ್ಯರು ಪಟ್ಟಿಯಲ್ಲಿಲ್ಲದೆ, ಅವರ ಬಿಲ್ಲು ತಿಂಗಳುಗಳ ನಂತರ ಪ್ರತ್ಯೇಕವಾಗಿ ಮನೆಗೆ ಬರುತ್ತಿತ್ತು. ಅದನ್ನು ತಡೆಯಲು 'ನೋ ಸರ್ಪ್ರೈಸಸ್ ಆಕ್ಟ್' ಎಂಬ ಕಾನೂನು ತಂದರು. 2022ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ತುರ್ತು ಚಿಕಿತ್ಸೆಯಲ್ಲಿ ಪಟ್ಟಿಯ ಹೊರಗಿನವರೆಂಬ ಕಾರಣಕ್ಕೆ ರೋಗಿಯಿಂದ ಹೆಚ್ಚು ವಸೂಲಿ ಮಾಡುವಂತಿಲ್ಲ. ನಮ್ಮಲ್ಲಿ ಅಂತಹ ಕಾನೂನಿಲ್ಲ. ಇಲ್ಲಿ ಸಾಮಾನ್ಯವಾಗಿ ಬಿಲ್ಲು ಒಂದೇ ಬರುತ್ತದೆ, ಹೊರೆ ಮಾತ್ರ ಎರಡು ಸಲ ಬೀಳುತ್ತದೆ: ದಾಖಲಾಗುವಾಗ ನಗದು ಹೊಂದಿಸುವ ಹೊರೆ, ಆಮೇಲೆ ಕಡಿತದ ಹೊರೆ.

ಪಟ್ಟಿ ಎಂಬುದು ಸ್ಥಿರವಾದದ್ದೂ ಅಲ್ಲ. 2010ರ ಜುಲೈಯಲ್ಲಿ ನಾಲ್ಕು ಸರ್ಕಾರಿ ಸಾಮಾನ್ಯ ವಿಮಾ ಕಂಪನಿಗಳು ಮುಂಬೈ, ದೆಹಲಿ, ಚೆನ್ನೈ, ಬೆಂಗಳೂರುಗಳ ಬಹುತೇಕ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಕ್ಯಾಶ್‌ಲೆಸ್ ಸೌಲಭ್ಯವನ್ನು ಇದ್ದಕ್ಕಿದ್ದಂತೆ ಹಿಂತೆಗೆದುಕೊಂಡವು. ವಿಮೆ ಇದ್ದವರಿಗೆ ಆಸ್ಪತ್ರೆಗಳು ಬಿಲ್ಲನ್ನು ಉಬ್ಬಿಸುತ್ತಿವೆ ಎಂಬುದು ಕಂಪನಿಗಳ ದೂರು. ಈ ದರಕ್ಕೆ ಒಳ್ಳೆಯ ಚಿಕಿತ್ಸೆ ಕೊಡಲಾಗದು ಎಂಬುದು ಆಸ್ಪತ್ರೆಗಳ ಉತ್ತರ. ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜವಿತ್ತು. ಆದರೆ ಕಂತು ಕಟ್ಟಿದ್ದವನು ಯಾರ ಜೊತೆಯೂ ದರದ ಮಾತು ಆಡಿರಲಿಲ್ಲ, ಹಣ ಹೊಂದಿಸಬೇಕಾದವನು ಮಾತ್ರ ಅವನೇ. ಹದಿನೈದು ವರ್ಷ ಕಳೆದರೂ ಜಗಳ ಮುಗಿದಿಲ್ಲ. 2025ರ ಆಗಸ್ಟ್‌ನಲ್ಲಿ ಖಾಸಗಿ ಆಸ್ಪತ್ರೆಗಳ ಸಂಘಟನೆಯಾದ ಎಎಚ್‌ಪಿಐ, ಸೆಪ್ಟೆಂಬರ್ 1ರಿಂದ ಬಜಾಜ್ ಅಲಿಯಾನ್ಸ್ ಪಾಲಿಸಿದಾರರಿಗೆ ಕ್ಯಾಶ್‌ಲೆಸ್ ನಿಲ್ಲಿಸಿ ಎಂದು ಉತ್ತರ ಭಾರತದ ತನ್ನ ಸದಸ್ಯ ಆಸ್ಪತ್ರೆಗಳಿಗೆ ಕರೆ ಕೊಟ್ಟಿತು. ಆ ಕಂಪನಿಯ ಪ್ರಧಾನ ಕಚೇರಿ ಇರುವುದು ಪುಣೆಯ ಯರವಾಡದಲ್ಲಿ. ಮಾತುಕತೆಯಾಗಿ ಕರೆ ವಾಪಸಾಯಿತು ನಿಜ. ಆದರೂ ಇಂದು ಪಟ್ಟಿಯಲ್ಲಿರುವ ಆಸ್ಪತ್ರೆ ಮುಂದಿನ ತಿಂಗಳು ಇರದೇ ಹೋಗಬಹುದು ಎಂಬುದಕ್ಕೆ ಬೇರೆ ಉದಾಹರಣೆ ಬೇಕೆ? ಪಾಲಿಸಿ ಕೊಂಡ ದಿನ ಡೌನ್‌ಲೋಡ್ ಮಾಡಿಟ್ಟುಕೊಂಡ ಪಟ್ಟಿಯನ್ನು ನಂಬಬೇಡಿ.

ಈಗ ಕಡಿತದ ಲೆಕ್ಕಕ್ಕೆ ಬರೋಣ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ತಾಳ್ಮೆಯಿಂದ ಓದಿ. ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ವಿಮೆ ಐದು ಲಕ್ಷದ್ದು. ಕೋಣೆ ಬಾಡಿಗೆಗೆ ದಿನಕ್ಕೆ ವಿಮಾ ಮೊತ್ತದ ಶೇ. 1, ಅಂದರೆ 5,000 ರೂಪಾಯಿಯ ಮಿತಿ ಇದೆ. ನೆಟ್‌ವರ್ಕ್ ಹೊರಗಿನ ಆಸ್ಪತ್ರೆಯಾದರೆ ಶೇ. 20 ನೀವೇ ಭರಿಸಬೇಕೆಂಬ ಷರತ್ತೂ ಇದೆ. ಎಲ್ಲ ಪಾಲಿಸಿಯಲ್ಲೂ ಈ ಷರತ್ತುಗಳಿಲ್ಲ, ಆದರೆ ಕಂತು ಕಡಿಮೆ ಎಂದು ಕೊಳ್ಳುವ ಪಾಲಿಸಿಗಳಲ್ಲಿ ಇವು ಅಡಗಿರುವುದುಂಟು. ಐದು ದಿನ ಆಸ್ಪತ್ರೆಯಲ್ಲಿದ್ದು ಒಟ್ಟು ಬಿಲ್ಲು 3 ಲಕ್ಷ ಆಯಿತು ಎನ್ನಿ. ಅದರಲ್ಲಿ ದಿನಕ್ಕೆ 8,000ದಂತೆ ಕೋಣೆಗೆ 40,000. ಸರ್ಜನ್, ಆಪರೇಷನ್ ಥಿಯೇಟರ್, ನರ್ಸಿಂಗ್ ಇತ್ಯಾದಿಗೆ 1,40,000. ಔಷಧಿ, ಪರೀಕ್ಷೆ, ಒಳಗೆ ಕೂರಿಸಿದ ಉಪಕರಣಕ್ಕೆ 1,20,000.

ಕೋಣೆಗೆ ಕಂಪನಿ ಕೊಡುವುದು 25,000. ಅಲ್ಲಿಗೆ 15,000 ಹೋಯಿತು. ಇಷ್ಟೇ ಎಂದುಕೊಂಡಿರಿ ತಾನೆ? ಇಲ್ಲ. ದುಬಾರಿ ಕೋಣೆ ತೆಗೆದುಕೊಂಡರೆ ಸರ್ಜನ್ ಶುಲ್ಕವೂ ಥಿಯೇಟರ್ ಶುಲ್ಕವೂ ಅದೇ ಅನುಪಾತದಲ್ಲಿ ಏರುತ್ತವೆ ಎಂಬುದು ಕಂಪನಿಯ ವಾದ. ಹಾಗಾಗಿ 1,40,000ದಲ್ಲೂ ಎಂಟರಲ್ಲಿ ಐದು ಪಾಲು ಮಾತ್ರ, ಅಂದರೆ 87,500 ಕೊಡುತ್ತದೆ. ಇನ್ನೂ 52,500 ಹೋಯಿತು. ಮೂರನೆಯ ಬಾಬ್ತಿನಲ್ಲಿ ಕೈಗವಸು, ಮಾಸ್ಕು, ದಾಖಲಾತಿ ಶುಲ್ಕದಂಥ ವಿಮೆಗೆ ಸೇರದ ವಸ್ತುಗಳೆಂದು 12,000 ಕಡಿದರೆ ಉಳಿಯುವುದು 1,08,000. ಮೂರನ್ನೂ ಕೂಡಿಸಿದರೆ 2,20,500. ಇದರ ಮೇಲೆ ನಿಮ್ಮ ಪಾಲಿನ ಶೇ. 20, ಅಂದರೆ 44,100. ಕೊನೆಗೆ ಖಾತೆಗೆ ಬರುವುದು 1,76,400. ಐದು ಲಕ್ಷದ ವಿಮೆ ಇದ್ದವರು ಮೂರು ಲಕ್ಷದ ಬಿಲ್ಲಿಗೆ 1,23,600 ರೂಪಾಯಿಯನ್ನು ಸ್ವಂತ ಕೈಯಿಂದ ಕೊಟ್ಟಂತಾಯಿತು.

ಎರಡು ಮೂರು ತಿಂಗಳ ಮಟ್ಟಿಗೆ ಆ ಮೂರು ಲಕ್ಷವನ್ನು ಎಲ್ಲಿಂದಲೋ ತಂದಿರಲೇಬೇಕಲ್ಲ? ತಿಂಗಳಿಗೆ ಶೇ. 2ರಂತೆ ಕೈಸಾಲ ತಂದವನಿಗೆ ಎರಡು ತಿಂಗಳಿಗೆ ಬಡ್ಡಿಯೇ 12,000. ಬಡ್ಡಿಗೆ ಸಾಲ ಬೇಡ ಎನ್ನುವ ಮನೆಗಳಲ್ಲಿ ಮಗಳ ಮದುವೆಗೆಂದು ಮಾಡಿಸಿಟ್ಟ ಬಂಗಾರ ಅಂಗಡಿಗೆ ಹೋಗುತ್ತದೆ, ಇಲ್ಲವೇ ಜಮಾಅತ್‌ನ ಹಿರಿಯರ ಮುಂದೆ ಕೈಚಾಚಬೇಕಾಗುತ್ತದೆ. ಈ ನಷ್ಟ ಯಾವ ಕ್ಲೇಮ್ ಫಾರಂನಲ್ಲೂ ಬರುವುದಿಲ್ಲ.

ಈ ಕಡಿತದಲ್ಲಿ ನೀವು ಪ್ರಶ್ನಿಸಬಹುದಾದ ಜಾಗಗಳಿವೆ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಔಷಧಿ, ಬಳಕೆ ವಸ್ತು, ಒಳಗೆ ಕೂರಿಸುವ ಉಪಕರಣ ಹಾಗೂ ಪರೀಕ್ಷೆಗಳ ಖರ್ಚಿನ ಮೇಲೆ ಈ ಅನುಪಾತದ ಕಡಿತ ಹಾಕುವಂತಿಲ್ಲ. ಐಸಿಯು ಶುಲ್ಕದ ಮೇಲೂ ಇಲ್ಲ. ಕೋಣೆಗೆ ತಕ್ಕಂತೆ ಬೇರೆ ಬೇರೆ ದರ ಹಾಕದ ಆಸ್ಪತ್ರೆಯಾದರೆ ಅನುಪಾತದ ಕಡಿತವೇ ಸಲ್ಲದು. ಸಣ್ಣ ನರ್ಸಿಂಗ್ ಹೋಂಗಳಲ್ಲಿ ಸರ್ಜನ್ ಶುಲ್ಕ ಎಲ್ಲರಿಗೂ ಒಂದೇ ಇರುವುದುಂಟು. ಅಂಥ ಕಡೆ "ನಮ್ಮಲ್ಲಿ ಕೋಣೆಯ ಆಧಾರದ ಮೇಲೆ ಶುಲ್ಕ ಬದಲಾಗುವುದಿಲ್ಲ" ಎಂದು ಆಸ್ಪತ್ರೆಯಿಂದ ಒಂದು ಪತ್ರ ಬರೆಸಿಕೊಂಡರೆ, ಮೇಲಿನ ಉದಾಹರಣೆಯ 52,500ರ ಕಡಿತ ತಪ್ಪುತ್ತದೆ. ಒಂದು ಹಾಳೆ ಕಾಗದಕ್ಕೆ ಇಷ್ಟು ಬೆಲೆ!

ಪಟ್ಟಿಯ ಹೊರಗಿನ ಬಿಲ್ಲಿಗೆ ಕಂಪನಿಗಳು ಹಿಡಿಯುವ ಇನ್ನೊಂದು ಅಸ್ತ್ರ "ನ್ಯಾಯಯುತ ಮತ್ತು ರೂಢಿಯ ದರ" ಎಂಬ ಷರತ್ತು. ಅದೇ ಊರಿನಲ್ಲಿ ಅದೇ ಮಟ್ಟದ ಆಸ್ಪತ್ರೆಗಳು ಇದೇ ಚಿಕಿತ್ಸೆಗೆ ಇಷ್ಟು ಮಾತ್ರ ತೆಗೆದುಕೊಳ್ಳುತ್ತವೆ, ಮಿಕ್ಕಿದ್ದು ಹೆಚ್ಚುವರಿ ಎಂದು ಕತ್ತರಿ ಹಾಕುತ್ತಾರೆ. ಹೋಲಿಕೆ ಮಾಡುವುದು ತಪ್ಪಲ್ಲ. ಆದರೆ ಯಾವ ಆಸ್ಪತ್ರೆಯ ಯಾವ ದರದ ಜೊತೆ ಹೋಲಿಸಿದಿರಿ ಎಂದು ಕೇಳಿದರೆ ಹಲವು ಬಾರಿ ಉತ್ತರವೇ ಇರುವುದಿಲ್ಲ. ಅದನ್ನು ಲಿಖಿತವಾಗಿ ಕೇಳಿ. ತಾವೇ ಒಪ್ಪಂದ ಮಾಡಿಕೊಂಡ ರಿಯಾಯಿತಿ ದರವನ್ನು ಒಪ್ಪಂದವೇ ಇಲ್ಲದ ಆಸ್ಪತ್ರೆಗೆ ಅಳತೆಗೋಲಾಗಿ ಹಿಡಿಯುವುದು ನನಗಂತೂ ನ್ಯಾಯವಾಗಿ ಕಾಣುವುದಿಲ್ಲ.

ಇನ್ನೊಂದು ಪಟ್ಟಿಯೂ ಇದೆ. ಅದು ನಿಷೇಧಿತ ಆಸ್ಪತ್ರೆಗಳ ಪಟ್ಟಿ. ನೆಟ್‌ವರ್ಕ್‌ನಲ್ಲಿಲ್ಲದ ಆಸ್ಪತ್ರೆ ಬೇರೆ, ಕಂಪನಿ ಹೊರಗಿಟ್ಟ ಆಸ್ಪತ್ರೆ ಬೇರೆ. ಈ ವ್ಯತ್ಯಾಸ ವಿದ್ಯಾವಂತರಿಗೂ ಗೊತ್ತಿರುವುದಿಲ್ಲ. ಮೊದಲನೆಯದರಲ್ಲಿ ಹಣ ತಡವಾಗಿಯಾದರೂ ಬರುತ್ತದೆ. ಎರಡನೆಯದರಲ್ಲಿ ಕ್ಲೇಮೇ ಇಲ್ಲ. ಜೀವಾಪಾಯ ಅಥವಾ ಅಪಘಾತದ ಸಂದರ್ಭದಲ್ಲಿ ಮಾತ್ರ ರೋಗಿಯ ಸ್ಥಿತಿ ಸ್ಥಿರವಾಗುವವರೆಗಿನ ಖರ್ಚು ಕೊಡುತ್ತಾರೆ, ಪೂರ್ತಿ ಅಲ್ಲ. ಈ ಪಟ್ಟಿ ಕಂಪನಿಯ ವೆಬ್‌ಸೈಟಿನಲ್ಲಿರುತ್ತದೆ. ಮನೆ ಹತ್ತಿರದ ಆಸ್ಪತ್ರೆ ಅದರಲ್ಲಿದೆಯೇ ಎಂದು ಇವತ್ತೇ ನೋಡಿಬಿಡಿ.

ಪರಿಸ್ಥಿತಿ ಸ್ವಲ್ಪ ಬದಲಾಗಿದೆ ಎಂಬುದನ್ನೂ ಹೇಳಬೇಕು. 2024ರ ಜನವರಿಯಲ್ಲಿ ಸಾಮಾನ್ಯ ವಿಮಾ ಕಂಪನಿಗಳ ಮಂಡಳಿಯು 'ಎಲ್ಲೆಡೆ ಕ್ಯಾಶ್‌ಲೆಸ್' ಎಂಬ ವ್ಯವಸ್ಥೆ ಪ್ರಕಟಿಸಿತು. ನೆಟ್‌ವರ್ಕ್‌ನಲ್ಲಿಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ಕೇಳಬಹುದು. ಮೊದಲೇ ಗೊತ್ತಾದ ಆಪರೇಷನ್ ಆದರೆ ದಾಖಲಾಗುವ 48 ಗಂಟೆ ಮೊದಲು, ತುರ್ತಾದರೆ ದಾಖಲಾದ 48 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ಅದೇ ವರ್ಷ ಮೇ 29ರಂದು ಐಆರ್‌ಡಿಎಐ ಹೊರಡಿಸಿದ ಸುತ್ತೋಲೆಯಂತೆ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು. ಡಿಸ್ಚಾರ್ಜ್ ಸಮಯದಲ್ಲಿ ಆಸ್ಪತ್ರೆ ಬಿಲ್ಲು ಕಳಿಸಿದ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು. ತಡವಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದನ್ನು ಕಂಪನಿಯೇ ತನ್ನ ಷೇರುದಾರರ ನಿಧಿಯಿಂದ ಭರಿಸಬೇಕು. ಕ್ಲೇಮ್ ತಿರಸ್ಕರಿಸುವುದಾದರೆ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ತಿಳಿಸಬೇಕು.

ಕಾಗದದ ಮೇಲೆ ಚೆನ್ನಾಗಿದೆ. ಆದರೆ 'ಎಲ್ಲೆಡೆ ಕ್ಯಾಶ್‌ಲೆಸ್' ನಡೆಯಬೇಕಾದರೆ ಆಸ್ಪತ್ರೆಯೂ ಒಪ್ಪಬೇಕು. ಒಪ್ಪಂದವಿಲ್ಲದ ಕಂಪನಿಯಿಂದ ಹಣ ಯಾವಾಗ ಬರುತ್ತದೋ ಎಂಬ ಭಯದಲ್ಲಿ "ಆಗಲ್ಲ" ಎಂದರೆ ಬಲವಂತ ಮಾಡುವ ದಾರಿಯಿಲ್ಲ. ಆದರೂ ಕೇಳದೆ ಬಿಡಬೇಡಿ. ಕೌಂಟರ್‌ನವರು ಬಾಯಿಮಾತಿನಲ್ಲಿ ಇಲ್ಲ ಎಂದ ಮಾತ್ರಕ್ಕೆ ನಗದು ಕಟ್ಟಬೇಡಿ. ಕಾರ್ಡಿನ ಹಿಂದಿರುವ ನಂಬರಿಗೆ ಫೋನ್ ಮಾಡಿ, ಕ್ಲೇಮ್ ನೋಂದಾಯಿಸಿ, ಸಂಖ್ಯೆ ಬರೆದಿಟ್ಟುಕೊಳ್ಳಿ. ಮುಂದೆ ಮರುಪಾವತಿಗೆ ಹೋದಾಗ "ಸಮಯಕ್ಕೆ ತಿಳಿಸಲಿಲ್ಲ" ಎಂಬ ಕೊಂಕು ತೆಗೆಯಲು ಅವಕಾಶವಿರುವುದಿಲ್ಲ.

ಇಂಥದ್ದರಲ್ಲಿ ಹೆಚ್ಚು ಸಿಕ್ಕಿಬೀಳುವವರು ಹೊರಗಿನಿಂದ ಬಂದವರು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡದ ಮನೆಗಳಿಂದ, ಕಲಬುರಗಿ, ವಿಜಯಪುರದಿಂದ ದೊಡ್ಡ ಕಾಯಿಲೆಗೆ ಪುಣೆಗೆ ಬರುವವರಿದ್ದಾರೆ. ಕೊಂಢವಾ, ಕ್ಯಾಂಪ್ ಕಡೆ ಕೋಣೆ ಮಾಡಿಕೊಂಡು ಓದುವ, ಕೆಲಸ ಮಾಡುವ ಹುಡುಗರಿದ್ದಾರೆ. ಇವರ ಪಾಲಿಸಿಯನ್ನು ಊರಿನಲ್ಲಿ ಅಪ್ಪ ಕೊಂಡಿರುತ್ತಾರೆ. ಕೆಲವು ಕಂಪನಿಗಳು ದೇಶವನ್ನು ವಲಯಗಳಾಗಿ ಮಾಡಿ, ಸಣ್ಣ ಊರಿನವರಿಗೆ ಕಡಿಮೆ ಕಂತು ಹಾಕುತ್ತವೆ. ಅವರು ದೊಡ್ಡ ನಗರದ ವಲಯಕ್ಕೆ ಬಂದು ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲನ್ನು ತಾವೇ ಕೊಡಬೇಕು. ನಿಮ್ಮ ಪಾಲಿಸಿಯಲ್ಲಿ ಪುಣೆ ಯಾವ ವಲಯದಲ್ಲಿದೆ? ವಿದ್ಯಾರ್ಥಿಗಳು ಇದನ್ನೊಮ್ಮೆ ಅಪ್ಪನಿಂದ ಪಾಲಿಸಿಯ ಪಿಡಿಎಫ್ ತರಿಸಿಕೊಂಡು ನೋಡುವುದು ಒಳ್ಳೆಯದು. ಕಾಲೇಜಿನ ಸಾಮೂಹಿಕ ವಿಮೆ ಇದ್ದರೆ ಅದರ ಕಾರ್ಡನ್ನೂ ಕೇಳಿ ಪಡೆಯಿರಿ. ಶುಲ್ಕದ ರಸೀದಿಯಲ್ಲಿ ವಿಮೆಯ ಹಣ ಕಟ್ಟಿದ್ದರೂ ಕಾರ್ಡು ಎಲ್ಲಿದೆ ಎಂದು ಗೊತ್ತಿಲ್ಲದ ಹುಡುಗರೇ ಜಾಸ್ತಿ.

ತುರ್ತು ಸ್ಥಿತಿಯಲ್ಲಿ ಡಿಪಾಸಿಟ್ ಕೇಳಿದರೆ ಏನು ಮಾಡಬೇಕು? ಪುಣೆಯಲ್ಲಿ ಇದಕ್ಕೊಂದು ವಿಶೇಷ ಉತ್ತರವಿದೆ. ರೂಬಿ ಹಾಲ್, ಜಹಾಂಗೀರ್, ಕೆಇಎಂ, ದೀನಾನಾಥ ಮಂಗೇಶ್ಕರ್ ಮುಂತಾದ ಇಲ್ಲಿನ ಹಲವು ದೊಡ್ಡ ಆಸ್ಪತ್ರೆಗಳು ಧರ್ಮಾದಾಯ ಟ್ರಸ್ಟ್‌ಗಳ ಅಡಿಯಲ್ಲಿವೆ. ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 41ಎಎ ಕಲಮಿನಡಿ ಬಾಂಬೆ ಹೈಕೋರ್ಟ್ 2006ರಲ್ಲಿ ಒಂದು ಯೋಜನೆ ರೂಪಿಸಿತು. ಅದರಂತೆ ಇಂಥ ಆಸ್ಪತ್ರೆಗಳು ಶೇ. 10 ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿ, ಇನ್ನೂ ಶೇ. 10ನ್ನು ಆರ್ಥಿಕವಾಗಿ ಹಿಂದುಳಿದವರಿಗೆ ರಿಯಾಯಿತಿ ದರದಲ್ಲಿ ಕೊಡಬೇಕು. ಒಟ್ಟು ಬಿಲ್ಲಿನ ಶೇ. 2ನ್ನು ಬಡರೋಗಿಗಳ ನಿಧಿಗೆ ಹಾಕಬೇಕು. ತುರ್ತು ರೋಗಿಯನ್ನು ಡಿಪಾಸಿಟ್ ಕೇಳದೆ ದಾಖಲಿಸಿಕೊಂಡು ಸ್ಥಿತಿ ಸ್ಥಿರವಾಗುವವರೆಗೆ ಜೀವರಕ್ಷಕ ಚಿಕಿತ್ಸೆ ಕೊಡಬೇಕು. 2025ರ ವಸಂತದಲ್ಲಿ ಪುಣೆಯ ಟ್ರಸ್ಟ್ ಆಸ್ಪತ್ರೆಯೊಂದು ಅವಳಿ ಮಕ್ಕಳ ಗರ್ಭಿಣಿಯ ಮನೆಯವರಿಂದ ಹತ್ತು ಲಕ್ಷ ಡಿಪಾಸಿಟ್ ಕೇಳಿತೆಂಬ ಆರೋಪ ಬಂದು, ಆಕೆ ಬೇರೆ ಕಡೆ ಹೆರಿಗೆಯಾದ ಮೇಲೆ ತೀರಿಕೊಂಡಾಗ ಇಡೀ ರಾಜ್ಯವೇ ಸಿಟ್ಟಿಗೆದ್ದಿತು. ತನಿಖೆಗಳು ನಡೆದವು. ಹೈಕೋರ್ಟಿನ ಯೋಜನೆ ಬಂದು ಆಗಲೇ ಹತ್ತೊಂಬತ್ತು ವರ್ಷವಾಗಿತ್ತು ಎಂಬುದನ್ನು ಗಮನಿಸಿ. ನಿಯಮ ಗೋಡೆಯ ಮೇಲಿದ್ದರೂ ಅದನ್ನು ಬಾಯಿಬಿಟ್ಟು ಹೇಳುವವರು ಕೌಂಟರ್ ಮುಂದೆ ಇರಬೇಕಾಗುತ್ತದೆ. ಆಸ್ಪತ್ರೆಯ ಸಮಾಜಸೇವಕರನ್ನು ಕೇಳಿ, ಧರ್ಮಾದಾಯ ಆಯುಕ್ತರ ಕಚೇರಿಯ ಹೆಸರೆತ್ತಿ. ಕರ್ನಾಟಕದಲ್ಲಿಯೂ 2017ರಲ್ಲಿ ತಿದ್ದುಪಡಿಯಾದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ತುರ್ತು ಚಿಕಿತ್ಸೆಗೆ ಮುಂಗಡ ಹಣಕ್ಕಾಗಿ ಒತ್ತಾಯಿಸಬಾರದು ಎನ್ನುತ್ತದೆ.

ರಸ್ತೆ ಅಪಘಾತಕ್ಕೆ ಬೇರೆ ದಾರಿಯಿದೆ. 2025ರ ಮೇ ತಿಂಗಳಲ್ಲಿ ಬಂದ ಕೇಂದ್ರದ ಯೋಜನೆಯಡಿ ಗಾಯಾಳುವಿಗೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆ ಸಿಗುತ್ತದೆ. ಅಲ್ಲೂ ಪಟ್ಟಿಯ ಮಾತೇ: ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಪೂರ್ತಿ, ಬೇರೆ ಕಡೆ ಸ್ಥಿತಿ ಸ್ಥಿರವಾಗುವವರೆಗೆ ಮಾತ್ರ. ಪುಣೆ ರೈಲು ನಿಲ್ದಾಣದ ಬಳಿಯ ಸಸೂನ್ ಆಸ್ಪತ್ರೆಗೆ ಈ ಪಟ್ಟಿಗಳ ತಲೆನೋವು ಅಷ್ಟಾಗಿ ಇಲ್ಲ. ಬಗ್ದಾದಿನಿಂದ ಬಂದ ಯಹೂದಿ ವ್ಯಾಪಾರಿ ಡೇವಿಡ್ ಸಸೂನ್ ಕೊಟ್ಟ ದೇಣಿಗೆಯಿಂದ 1867ರಲ್ಲಿ ಶುರುವಾದ ಆ ಸರ್ಕಾರಿ ಆಸ್ಪತ್ರೆಗೆ ವಿಮೆ ಇದ್ದವರು ಹೋಗಲು ಹಿಂಜರಿಯುತ್ತಾರೆ. ಜನಸಂದಣಿ ಇದೆ, ನಿಜ. ಆದರೆ ಅಪರಾತ್ರಿಯಲ್ಲಿ ಡಿಪಾಸಿಟ್‌ಗಾಗಿ ಊರು ಸುತ್ತುವುದಕ್ಕಿಂತ ಅದು ಮೇಲು.

ನಿವೃತ್ತ ಕೇಂದ್ರ ನೌಕರರ ಮನೆಯವರು ಒಂದು ತೀರ್ಪನ್ನು ನೆನಪಿಡಬೇಕು. ಶಿವಕಾಂತ್ ಝಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಏಪ್ರಿಲ್ 13ರಂದು, ತುರ್ತಿನಲ್ಲಿ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಹೋದರು ಎಂಬ ಒಂದೇ ಕಾರಣಕ್ಕೆ ಸಿಜಿಎಚ್‌ಎಸ್ ಹಣ ನಿರಾಕರಿಸುವಂತಿಲ್ಲ ಎಂದು ಹೇಳಿತು. ಚಿಕಿತ್ಸೆ ನಿಜವಾಗಿ ನಡೆದಿದೆಯೇ, ದಾಖಲೆ ಇದೆಯೇ ಎಂಬುದೇ ಮುಖ್ಯ. ಖಾಸಗಿ ವಿಮೆ ಕರಾರಿನ ವ್ಯವಹಾರವಾದ್ದರಿಂದ ಈ ತೀರ್ಪು ಅದಕ್ಕೆ ನೇರವಾಗಿ ಅನ್ವಯಿಸದು.

ಹಾಗಾದರೆ ಖಾಸಗಿ ವಿಮೆಯವರು ಎಲ್ಲಿಗೆ ಹೋಗಬೇಕು? ಮೊದಲು ಕಂಪನಿಯ ದೂರು ವಿಭಾಗಕ್ಕೆ ಇಮೇಲ್ ಮಾಡಿ. ಐಆರ್‌ಡಿಎಐನ 'ಬಿಮಾ ಭರೋಸಾ' ಪೋರ್ಟಲ್‌ನಲ್ಲಿ ಅಥವಾ 155255 ನಂಬರಿನಲ್ಲಿಯೂ ದೂರು ಕೊಡಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ಗೆ ಹೋಗಬಹುದು. ಪುಣೆಯಲ್ಲಿ ಅದರ ಕಚೇರಿ ನಾರಾಯಣ ಪೇಠೆಯಲ್ಲಿದೆ, ಕರ್ನಾಟಕದವರಿಗೆ ಬೆಂಗಳೂರಿನಲ್ಲಿ. ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ವಿವಾದ ಕೇಳುತ್ತಾರೆ. ಅಲ್ಲಿನ ಆದೇಶವನ್ನು ಕಂಪನಿ 30 ದಿನಗಳಲ್ಲಿ ಪಾಲಿಸದಿದ್ದರೆ ದಿನಕ್ಕೆ 5,000 ರೂಪಾಯಿಯಂತೆ ದೂರುದಾರರಿಗೆ ಕೊಡಬೇಕಾಗುತ್ತದೆ. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ನೀವು ವಾಸಿಸುವ ಊರಿನಲ್ಲೇ ಎರಡು ವರ್ಷದೊಳಗೆ ದೂರು ಹಾಕಬಹುದು. ಬಿಲ್ಲು ಪುಣೆಯದಾದರೂ ಕಲಬುರಗಿಯಲ್ಲಿ ಕೂತು ಕೇಸು ನಡೆಸಲು ಅಡ್ಡಿಯಿಲ್ಲ.

ಇದಕ್ಕೆಲ್ಲ ಬೇಕಾದದ್ದು ದಾಖಲೆ. ಡಿಸ್ಚಾರ್ಜ್ ದಿನ ಮನೆಗೆ ಹೋಗುವ ಅವಸರದಲ್ಲಿ ನಾವು ಒಂದೇ ಸಾಲಿನ ಒಟ್ಟು ಬಿಲ್ಲು ಹಿಡಿದುಕೊಂಡು ಹೊರಟುಬಿಡುತ್ತೇವೆ. ಬಾಬ್ತುವಾರು ಬಿಡಿಸಿದ ಬಿಲ್ಲು, ಹಣ ಕಟ್ಟಿದ ಪ್ರತಿಯೊಂದು ರಸೀದಿ, ಔಷಧಿ ಚೀಟಿ ಮತ್ತು ಅದಕ್ಕೆ ಹೊಂದುವ ಬಿಲ್ಲು, ಪರೀಕ್ಷೆಯ ವರದಿ, ಒಳಗೆ ಕೂರಿಸಿದ ಉಪಕರಣದ ಸ್ಟಿಕ್ಕರ್, ಡಿಸ್ಚಾರ್ಜ್ ಸಾರಾಂಶ ಎಲ್ಲವನ್ನೂ ಕೇಳಿ ಪಡೆಯಿರಿ. ತುರ್ತಾಗಿ ಬಂದಿದ್ದರೆ "ತುರ್ತು ದಾಖಲಾತಿ" ಎಂದು ವೈದ್ಯರಿಂದ ಬರೆಸಿಕೊಳ್ಳಿ. ಕಾಗದ ಕಳಿಸಲು ಹಲವು ಪಾಲಿಸಿಗಳಲ್ಲಿ 15 ಅಥವಾ 30 ದಿನಗಳ ಗಡುವಿರುತ್ತದೆ. ಅಸಲು ಪ್ರತಿ ಕಳಿಸುವ ಮುನ್ನ ಪ್ರತಿಯೊಂದನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಎಲ್ಲ ಕಾಗದ ತಲುಪಿದ ಮೇಲೂ ಕಂಪನಿ ಗಡುವು ಮೀರಿ ತಡಮಾಡಿದರೆ ಬ್ಯಾಂಕ್ ದರದ ಮೇಲೆ ಶೇ. 2 ಸೇರಿಸಿ ಬಡ್ಡಿ ಕೊಡಬೇಕೆಂಬ ನಿಯಮವಿದೆ. ಡಿಸ್ಚಾರ್ಜ್ ಆದ ನಂತರದ ಔಷಧಿ, ತಪಾಸಣೆಗಳ ಖರ್ಚೂ ಸಾಮಾನ್ಯವಾಗಿ 60 ದಿನಗಳವರೆಗೆ, ದಾಖಲಾಗುವ ಮೊದಲಿನದು 30 ದಿನಗಳವರೆಗೆ ವಿಮೆಯಲ್ಲಿ ಸೇರಿರುತ್ತದೆ. ಆ ಚೀಟಿಗಳನ್ನು ಜನ ಬಿಸಾಡಿಬಿಡುತ್ತಾರೆ. ಮೆಡಿಕಲ್ ಶಾಪಿನಲ್ಲಿ "ಬಿಲ್ಲು ಬೇಕಾ?" ಎಂದು ಕೇಳಿದಾಗ ಬೇಕು ಎನ್ನಿ, ಅದರ ಮೇಲೆ ರೋಗಿಯ ಹೆಸರನ್ನೂ ಬರೆಸಿ.